ವಿರೂಪಮ್ಮನ ಸೊಂಟದ ಕೀಲಿ

ಕುರುಗೋಡಿನ ಆ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮಾತು ಮೀರಿದರೂ ನಡೆದೀತು, ಅಟೆಂಡರ್ ವಿರೂಪಮ್ಮನ ಮಾತು ಮೀರುವಂತಿರಲಿಲ್ಲ. ಗಂಟೆ ಹೊಡೆಯುವವಳು ಅವಳು, ಹುಡುಗಿಯರ ಶೌಚಾಲಯ ತೊಳೆಯುವವಳೂ ಅವಳೇ. ಥಳಥಳ ತೊಳೆದು, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ಕೂರುವಳು. ಬೇಕಾದವರು ಅಲ್ಲಿಗೇ ಬಂದು ಕೇಳಬೇಕು.

"ಇಪ್ಪತ್ತು ವರ್ಷ ಆತು, ಒಂದು ಕಲಿ ತೋರಿಸ್ರಿ ನೋಡೋಣು!" ಎಂದು ಬಂದವರಿಗೆಲ್ಲ ಸವಾಲು ಹಾಕುವಳು. ಕಲೆ ಎಲ್ಲಿಂದ ಬರಬೇಕು ಪಾಪ, ಒಳಗೆ ಹೋಗುವವರೇ ಇರಲಿಲ್ಲ! ಅದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಬಂಡೆಯ ಮೇಲೆ ಹಪ್ಪಳ ಸುಡಬಹುದಾದ ಬಿಸಿಲಲ್ಲಿ, ಬಿ.ಎ. ಓದುವ ನೇತ್ರಾ ಚಳಿಜ್ವರದಿಂದ ನಡುಗುತ್ತ ಬೆಂಚಿನ ಮೇಲೆ ಒರಗಿದಳು. ವಿರೂಪಮ್ಮನಿಗೆ ಸಹಿ ಮಾಡಲು ಕಲಿಸಿದ ಹುಡುಗಿ ಅವಳು. ವಿರೂಪಮ್ಮನ ಜೀವ ತಡೆಯಲಿಲ್ಲ, ತಾನೇ ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿ, "ಮೂತ್ರದ ಸೋಂಕು ಕಿಡ್ನಿಗೆ ಏರೈತಿ. ಕಾಲೇಜ್ನಾಗ ನೀರು ಎಷ್ಟು ಕುಡೀತಿ?" ಎಂದರು.

"ಒಂದು ಗುಟುಕೂ ಇಲ್ರಿ."

"ಈ ಬಿಸಿಲಾಗ? ಯಾಕವ್ವ?"

ನೇತ್ರಾ ವಿರೂಪಮ್ಮನ ಕಡೆ ನೋಡಿ ತಲೆ ತಗ್ಗಿಸಿದಳು. "ಕುಡಿದ್ರ ಹೋಗಬೇಕಾಗತೈತಿ. ಸಾರ್‌ಗಳ ಮುಂದ ಕೀಲಿ ಕೇಳಾಕ ನಾಚಿಕಿ. ನಾವ್ಯಾರೂ ಕುಡಿಯಂಗಿಲ್ರಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ವಿರೂಪಮ್ಮನಿಗೆ. "ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ! ನಿನ್ನ ಈ ಗತಿಗೆ ತಂದಾಕಿ ನಾನಽ ಅಲ್ಲೇನವ್ವ," ಎಂದು ಹುಡುಗಿಯ ಕೈ ಹಿಡಿದು ಅತ್ತುಬಿಟ್ಟಳು.

ಮರುದಿನವೇ ಬೀಗ ಗುಜರಿ ಸೇರಿತು. ಹನ್ನೊಂದೂವರೆಗೆ, ಪಾಠದ ನಡುವೆಯೇ, ಢಣಢಣ ಗಂಟೆ! ಜಯತೀರ್ಥ ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಹೊರಬಂದರು.

"ಇದ್ಯಾವ ಬೆಲ್ಲು ವಿರೂಪಮ್ಮಾ?"

"ನೀರಿನ ಬೆಲ್ಲು ಸಾರ್. ನೀವೂ ಕುಡೀರಿ, ಬಿಸಿಲು ಬಾಳ ಐತಿ."

ಮೇಷ್ಟ್ರು ಸೀಮೆಸುಣ್ಣ ಜೇಬಿಗಿಳಿಸಿ ಕುಡಿದರು.

ಎರಡು ವಾರ ಕಳೆದು ನೇತ್ರಾ ಚೇತರಿಸಿಕೊಂಡು ಬಂದಳು. ಗಂಟೆ ಹೊಡೆದಾಗ ಬಾಟಲಿ ಎತ್ತಿ ಗಟಗಟ ಕುಡಿದಳು, ಆಮೇಲೆ ಯಾರನ್ನೂ ಕೇಳದೆ ಬಾಗಿಲು ತಳ್ಳಿ ಒಳಗೆ ಹೋದಳು. ಅವಳ ಹಿಂದೆ ಹುಡುಗಿಯರ ಹಿಂಡು.

ಸಂಜೆ ನೋಡಿದರೆ ಶೌಚಾಲಯದ ನೆಲದ ತುಂಬ, ಧೂಳು ನೀರು ಕಲೆತು ಕೆಸರಾದ ಚಪ್ಪಲಿಯ ಗುರುತು. "ಎಮ್ಮಿಗಳು! ಹೆಂಗ ತುಳಿದಾವ ನೋಡ್ರಿ!" ಎಂದು ಕಾಲೇಜಿಗೇ ಕೇಳುವಂತೆ ಬೈಯುತ್ತ ವಿರೂಪಮ್ಮ ಬಕೆಟ್ಟು ತುಂಬಿಸಿದಳು. ಇಪ್ಪತ್ತು ವರ್ಷದಲ್ಲಿ ಆ ನೆಲವನ್ನು ಅವಳು ಅಷ್ಟು ಖುಷಿಯಿಂದ ತೊಳೆದಿರಲಿಲ್ಲ.