ಸದ್ದು ನುಂಗುವ ಪೀಠ

ನೇಯ್ಗೆ ಮಿಲ್ಲು ಮುಚ್ಚಿ ವರ್ಷಗಳೇ ಕಳೆದಿದ್ದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಫಿಟ್ಟರೇ. ಹಾಲು ತರಲು ಹೋದರೂ ಫಿಟ್ಟರು, ಸಾವಿನ ಮನೆಗೆ ಹೋಗಿ ಮೂಲೆ ಹಿಡಿದು ಕೂತರೂ ಫಿಟ್ಟರು. ಮೀಸೆ ಚಿಗುರುವ ಮೊದಲೇ ಮಗ್ಗದ ಶೆಡ್ಡು ಹೊಕ್ಕವರು, ತಲೆ ಪೂರ್ತಿ ನರೆತ ಮೇಲೆ, ಗೇಟಿಗೆ ಬೀಗ ಬಿದ್ದ ದಿನ ಹೊರಗೆ ಬಂದರು. ಕೈಯ ಕಸುಬು ಜೊತೆಗೆ ಬಂತು. ಕಿವಿ ಮಾತ್ರ ಅಲ್ಲೇ ಉಳಿಯಿತು.

ಶೆಡ್ಡಿನೊಳಗೆ ಅಷ್ಟೂ ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವನು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಅಲ್ಲಿದ್ದವರೆಲ್ಲ ತುಟಿ ನೋಡಿ ಮಾತಾಡುವುದನ್ನು ಕಲಿತಿದ್ದರು. ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಸದ್ದೇ ಇಲ್ಲದೆ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಹಾಗಾಗಿ ಕಿವಿ ಕೈಕೊಡುತ್ತಿರುವುದು ಫಿಟ್ಟರಿಗೆ ತಿಳಿದದ್ದೇ ತಡವಾಗಿ. ಮೊದಲು ಹೋದದ್ದು ಹಕ್ಕಿಗಳ ಸದ್ದು, ಆಮೇಲೆ ಫೋನಿನ ಗಂಟೆ, ಆಮೇಲೆ ಹೆಂಗಸರ ದನಿ. ಡಾಕ್ಟರು ಪರೀಕ್ಷೆ ಮಾಡಿ, ಕಿವಿಯ ನರವೇ ಸತ್ತಿದೆ, ತೆಳ್ಳಗಿನ ಸದ್ದು ಇನ್ನು ಕೇಳುವುದಿಲ್ಲ, ದಪ್ಪ ಸದ್ದು ಮಾತ್ರ ಅಷ್ಟಿಷ್ಟು ಉಳಿದೀತು ಎಂದಿದ್ದರು. ಲಾರಿ ಹೋದರೆ, ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಅವರಿಗೆ ಗೊತ್ತಾಗುತ್ತಿತ್ತು. ಕಿವಿಗಿಟ್ಟುಕೊಳ್ಳುವ ಮಿಷನ್ನು ಬರೀ ಗರಗರ ಅನ್ನುತ್ತದೆಂದು ಡ್ರಾಯರಿಗೆ ಹಾಕಿದರು. ಹಳೆಯ ಗೆಳೆಯ, ಹಿಂದಿನ ಗಲ್ಲಿಯ ಬಡಗಿ, ಇಷ್ಟು ಸುಖಿಯಾದ ಗಂಡಸು ಊರಲ್ಲೇ ಇನ್ನೊಬ್ಬನಿಲ್ಲ, ಹೆಂಡತಿ ಏನಂದರೂ ಕೇಳಿಸುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಫಿಟ್ಟರು ಅವನ ತುಟಿ ನೋಡಿ ನಗುತ್ತಿದ್ದರು. ಅವರ ಹೆಂಡತಿ ನಗುತ್ತಿರಲಿಲ್ಲ.

ಆಕೆಯ ತಾಯಿ ತೀರಿಕೊಂಡ ಮೇಲೆ ತವರುಮನೆ ಖಾಲಿ ಮಾಡಿದರು. ಪಾಲಿಗೆ ಬಂದದ್ದು ಒಂದು ಹೊದಿಕೆ, ಒಂದಷ್ಟು ಪಾತ್ರೆ, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಗ್ರಾಮಾಫೋನ್ ರೆಕಾರ್ಡು. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮಗಳು ಅದನ್ನು ಬಿಚ್ಚಿ, ಇದೇನಮ್ಮ ಎಂದು ಕೇಳಿದಳು. ಫಿಟ್ಟರ ಹೆಂಡತಿ ಮೊದಲು ಏನೇನೋ ಹೇಳಿ ಜಾರಿಕೊಂಡಳು. ಕೊನೆಗೆ, ಮದುವೆಗೆ ಮುಂಚೆ ಹುಡುಗಿಯರ ಹಾಡಿನ ಗುಂಪೊಂದರಲ್ಲಿ ಇದ್ದೆ, ಯಾರೋ ಬಂದು ರೆಕಾರ್ಡು ಮಾಡಿಕೊಂಡು ಹೋದರು, ಎರಡನೇ ಚರಣ ನಾನೊಬ್ಬಳೇ ಹಾಡಿದ್ದು ಎಂದಳು.

ಫಿಟ್ಟರು ಇದನ್ನು ಅವಳ ತುಟಿಯಿಂದ ಓದಿಕೊಂಡರು. ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಹೇಳಿಸಿದರು. ಇಷ್ಟು ಕಾಲ ಒಂದೇ ಒಲೆಯ ಅಡುಗೆ ಉಂಡಿದ್ದರು, ಅವಳು ಹಾಡುತ್ತಾಳೆಂಬುದೇ ಅವರಿಗೆ ಗೊತ್ತಿರಲಿಲ್ಲ.

"ಯಾಕೆ ಒಂದಿನಾನೂ ಹೇಳ್ಲಿಲ್ಲ?" ಎಂದು ಕೇಳಿದರು.

"ಮಿಲ್ಲಿಂದ ಬಂದ್ರೆ ನಿಮ್ಮ ತಲೆಯೊಳಗೆ ಇನ್ನೂ ಮಗ್ಗ ಓಡ್ತಿರೋದು. ಪಾತ್ರೆ ಸದ್ದಾದ್ರೂ ಮುಖ ಕಿವುಚ್ತಿದ್ರಿ," ಎಂದಳು ಆಕೆ. "ನಾನು ಎಲ್ಲಿ ಹಾಡ್ಲಿ ಹೇಳಿ?"

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಹೊದಿಕೆ ಮಡಿಸುತ್ತಲೇ ಹೇಳಿದಳು.

ಅಟ್ಟದ ಮೇಲೆ ಒಂದು ರೆಕಾರ್ಡು ಯಂತ್ರವಿತ್ತು. ಮಿಲ್ಲಿನ ಕ್ಯಾಂಟೀನಿನದು. ಸಾಮಾನೆಲ್ಲ ಗುಜರಿಗೆ ಹೋಗುವಾಗ, ತಗೊಂಡು ಹೋಗು ಮಾರಾಯ ಎಂದು ಮ್ಯಾನೇಜರೇ ಕೊಟ್ಟಿದ್ದು. ತೆಳು ಹಲಗೆಯ ಡಬ್ಬಿಯ ಮೇಲೆ ಕೂತ ಕಬ್ಬಿಣದ ಭಾರಿ ಯಂತ್ರ. ಫಿಟ್ಟರು ಅದನ್ನು ಕೆಳಗಿಳಿಸಿ, ಒರೆಸಿ, ಎಣ್ಣೆ ಬಿಟ್ಟು, ಸದ್ದಿಗಾಗಿ ಪಕ್ಕದಲ್ಲೇ ಇಟ್ಟ ರೇಡಿಯೋಕ್ಕೆ ತಂತಿ ಸೇರಿಸಿ ರೆಕಾರ್ಡು ಹಾಕಿದರು. ತಟ್ಟೆ ತಿರುಗಿತು. ಮುಳ್ಳು ಇಳಿಯಿತು. ಅವರಿಗೆ ಏನೂ ಕೇಳಲಿಲ್ಲ. ಆದರೆ ಎದುರಿಗಿದ್ದ ಮಗಳ ಮುಖ ಬದಲಾಗುವುದು ಕಂಡಿತು. ಅವಳು ತಾಯಿಯ ಕಡೆ ತಿರುಗಿ, ಹೊಸಬರನ್ನು ನೋಡುವಂತೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡಳು.

ಅದನ್ನು ಕಂಡು ಫಿಟ್ಟರಿಗೆ ತಡೆಯಲಾಗಲಿಲ್ಲ. ಮಿಲ್ಲಿನಲ್ಲಿ ಬೇರಿಂಗು ಕೆಟ್ಟಿದೆಯೋ ಇಲ್ಲವೋ ತಿಳಿಯಲು ಸ್ಪ್ಯಾನರಿನ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಹಲ್ಲಿಗೆ ಒತ್ತಿ ಹಿಡಿಯುವುದು ಅವರ ಹಳೆಯ ರೂಢಿ. ಹಾಗೆಯೇ ಮೊಣಕಾಲೂರಿ, ಡಬ್ಬಿಯ ಅಂಚಿಗೆ ದವಡೆ ಒತ್ತಿದರು. ಮೊದಲು ಗುರ್ರೆಂಬ ಸದ್ದು ತಲೆಬುರುಡೆಗೆ ಹತ್ತಿತು. ಅದರ ಅಡಿಯಲ್ಲಿ, ಎಲ್ಲೋ ದೂರದಲ್ಲಿ, ಇನ್ನೊಂದು ಸದ್ದು ನಿಧಾನವಾಗಿ ಮೇಲೇರುತ್ತಿತ್ತು, ಇಳಿಯುತ್ತಿತ್ತು.

ಅವರು ತಲೆ ಎತ್ತದೆಯೇ ಹೆಂಡತಿಯ ಕಡೆ ಕಣ್ಣು ಹೊರಳಿಸಿ, "ಇದು ನೀನೇನಾ?" ಎಂದರು.

ಆಕೆ ಅವರ ಮುಖ ನೋಡಿ, ಹೌದೆಂದು ತಲೆಯಾಡಿಸಿದಳು.

ಅಂದಿನಿಂದ ಅವರಿಗೆ ಬೇರೆ ಕೆಲಸವೇ ಬೇಡವಾಯಿತು. ಗುರ್ರೆನ್ನುವುದು ಯಂತ್ರದ ದೋಷ, ಹೆಂಡತಿಯದಲ್ಲ. ಯಂತ್ರದ ದೋಷ ತೆಗೆಯುವುದೇ ತಮ್ಮ ಕಸುಬು. ಅದೊಂದು ಹೋದರೆ ಕೆಳಗಿನ ದನಿ ತಿಳಿಯಾಗಿ ಮೇಲೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಯಂತ್ರ ಬಿಚ್ಚಿ ನೋಡಿದರು. ಮೋಟಾರಿನ ಕಡ್ಡಿ ಒಂದು ಸಣ್ಣ ರಬ್ಬರ್ ಗಾಲಿಯನ್ನು ತಿರುಗಿಸುತ್ತದೆ, ಆ ಗಾಲಿ ತಟ್ಟೆಯ ಒಳಅಂಚಿಗೆ ಉಜ್ಜಿಕೊಂಡು ತಟ್ಟೆಯನ್ನು ತಿರುಗಿಸುತ್ತದೆ. ಹಾಗಾಗಿ ಮೋಟಾರಿನ ನಡುಕವೆಲ್ಲ ನೇರವಾಗಿ ಮುಳ್ಳಿಗೆ ಹೋಗುತ್ತದೆ. ಗಾಲಿಯ ರಬ್ಬರನ್ನು ಉಪ್ಪುಕಾಗದದಲ್ಲಿ ತೀಡಿ ಗುಂಡಗೆ ಮಾಡಿದರು, ಮೋಟಾರಿನ ಸವೆದ ಬುಶ್ಶು ಬದಲಿಸಿದರು. ನಡುಕ ತಗ್ಗಿತು, ಹೋಗಲಿಲ್ಲ. ಕೊನೆಗೆ ಬಡಗಿ ಬಂದು ಡಬ್ಬಿಯನ್ನು ಬೆರಳಿನಿಂದ ತಟ್ಟಿ, ಇದು ಡಬ್ಬಿಯಲ್ಲ ಫಿಟ್ಟರೇ, ತಮಟೆ, ಇದರ ಮೇಲೆ ಯಾವ ಯಂತ್ರ ಕೂರಿಸಿದರೂ ಕುಣಿಯುತ್ತದೆ ಎಂದ. ಕಲ್ಲಿನಂತೆ ಭಾರವಾದ ಪೀಠ ಬೇಕು ಎಂದು ಇಬ್ಬರೂ ತೀರ್ಮಾನಿಸಿದರು.

ಯಂತ್ರವನ್ನು ಹಳೇ ಪತ್ರಿಕೆಯ ಮೇಲೆ ಬೋರಲು ಹಾಕಿ ಅಚ್ಚು ತೆಗೆದರು. ದಪ್ಪ ಪ್ಲೈವುಡ್ಡನ್ನು ಒಂದೇ ಅಳತೆಗೆ ಕೊಯ್ದು, ಮೋಟಾರಿಗೊಂದು, ನಡುವಿನ ಬೇರಿಂಗಿಗೊಂದು ತೂತು ಬಿಟ್ಟು, ಪದರದ ಮೇಲೆ ಪದರ ಅಂಟಿಸುತ್ತ ಹೋದರು. ಎರಡು ಪದರದ ನಡುವೆ ಮಿಲ್ಲಿನ ಹಳೆಯ ಬೆಲ್ಟಿನ ರಬ್ಬರು. ಅಂಟು ಒಣಗುವ ತನಕ ಮೇಲೆ ರುಬ್ಬುವ ಕಲ್ಲು, ತೂಕದ ಕಬ್ಬಿಣ, ಹೊಲಿಗೆ ಮಿಷನ್ನಿನ ಮುರಿದ ಕಾಲು, ಕೈಗೆ ಸಿಕ್ಕಿದ್ದೆಲ್ಲ. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಪುಡಿ ಅನ್ನದ ಪಾತ್ರೆಯ ಮುಚ್ಚಳದ ಮೇಲೂ ಕೂರುತ್ತಿತ್ತು. ಹಳೆಯ ತೆಳು ಡಬ್ಬಿಯನ್ನು ಒಡೆದು, ಅದರ ಹಲಗೆಯನ್ನು ಸಂದುಗಳಿಗೆ ತುಂಬಿಬಿಟ್ಟರು.

ಒಂದೊಂದು ಪದರ ಕೂತ ಮೇಲೂ ಯಂತ್ರ ಹೂಡಿ ಪರೀಕ್ಷೆ. ಪರೀಕ್ಷೆಗೆ ಹೆಂಡತಿಯ ಕಿವಿ. ಆಕೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಕಾಳು ಆರಿಸುತ್ತ, ಗುರ್ರೆನ್ನುವುದು ಎಷ್ಟಿದೆಯೆಂದು ಅಂಗೈ ಎತ್ತಿ ತೋರಿಸಬೇಕು. ಅಂಗೈ ದಿನದಿಂದ ದಿನಕ್ಕೆ ಕೆಳಗಿಳಿಯಿತು. ಒಂದು ಮಧ್ಯಾಹ್ನ ಅದನ್ನು ಮಡಿಲ ತನಕ ಇಳಿಸಿ, ಇನ್ನೇನೂ ಇಲ್ಲ, ಸರಿಹೋಯಿತು ಎಂದಳು. ಫಿಟ್ಟರು ನಂಬದೆ ಪೀಠಕ್ಕೆ ದವಡೆ ಒತ್ತಿದರು. ಗುರ್ರೆನ್ನುವುದು ಇನ್ನೂ ಇತ್ತು.

"ಸುಳ್ಳು ಹೇಳ್ಬೇಡ ಕಣೇ," ಎಂದರು. "ನಿನ್ನ ಕಿವಿ ನಂಬ್ಕೊಂಡು ಕೆಲಸ ಮಾಡ್ತಿದೀನಿ."

"ನನಗೆ ಸಾಕಾಗಿದೆ ರೀ," ಎಂದಳು ಆಕೆ. "ಆ ಹುಡುಗಿ ಈಗಿಲ್ಲ. ನಾನು ಇಲ್ಲೇ ಕೂತಿದೀನಲ್ಲ. ನನ್ನ ಜೊತೆ ಮಾತಾಡಿ."

ಆದರೆ ಅಷ್ಟರಲ್ಲಿ ಅವರು ಬಗ್ಗಿ ರಸಮಟ್ಟ ಇಟ್ಟು ಮೂಲೆ ಸರಿಮಾಡುತ್ತಿದ್ದರು. ಮೊದಲ ಮಾತಷ್ಟೇ ಅವರಿಗೆ ಕಂಡಿತ್ತು. ಸಾಕಾಗಿದೆ ಎಂದರೆ ಕೂತು ಕೂತು ಸೊಂಟ ನೋವು ಬಂದಿರಬೇಕೆಂದುಕೊಂಡು, ಹೋಗಿ ಮಲಗು ಎಂದರು. ಆಕೆ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಪೀಠ ಮುಗಿದಾಗ ಅದನ್ನು ಮೇಜಿಗೆ ಎತ್ತಲು ಫಿಟ್ಟರು, ಬಡಗಿ, ಅಳಿಯ ಮೂವರೂ ಬೇಕಾದರು. ಅಂಚನ್ನು ಬಡಗಿ ಕನ್ನಡಿಯಂತೆ ತೀಡಿದ್ದ. ಸುತ್ತಿಗೆಯ ಹಿಡಿಯಿಂದ ಬಡಿದರೆ ಗೋಡೆಗೆ ಬಡಿದ ಹಾಗೆ, ಕೈಗೆ ತಿರುಗಿ ಏನೂ ಬರುತ್ತಿರಲಿಲ್ಲ. ಇಂಥ ಕೆಲಸ ತನ್ನ ಕೈಯಿಂದ ಇನ್ನೊಮ್ಮೆ ಆಗುವುದಿಲ್ಲ ಎಂದು ಬಡಗಿಯೇ ಒಪ್ಪಿಕೊಂಡ. ಫಿಟ್ಟರು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಮಿಲ್ಲು ಮುಚ್ಚಿದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ಯಾರೂ ನೋಡಿರಲಿಲ್ಲ. ಬಡಗಿಯೂ ಅಳಿಯನೂ ಹೊರಟ ಮೇಲೆ ರೆಕಾರ್ಡು ಹಾಕಿದರು.

ಮಗಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಅವರ ಎದುರಿಗೆ ಬಂದು, ತುಟಿ ಚೆನ್ನಾಗಿ ಕಾಣುವಂತೆ, "ಗುರ್ ಅನ್ನೋದು ಒಂಚೂರೂ ಇಲ್ಲಪ್ಪ. ಅಮ್ಮ ಇಲ್ಲೇ ಪಕ್ಕದಲ್ಲಿ ನಿಂತು ಹಾಡಿದ ಹಾಗಿದೆ," ಎಂದಳು.

ಫಿಟ್ಟರು ಮೊಣಕಾಲೂರಿ ದವಡೆ ಒತ್ತಿದರು. ಏನೂ ಇಲ್ಲ. ಇನ್ನೊಂದು ಬದಿಗೆ ಹೋದರು. ಕೆನ್ನೆ ಇಟ್ಟರು, ಹಣೆ ಇಟ್ಟರು, ಕೊನೆಗೆ ಬಡಗಿ ಅಷ್ಟು ಚೆಂದ ತೀಡಿದ್ದ ಅಂಚನ್ನೇ ಹಲ್ಲಿನಲ್ಲಿ ಕಚ್ಚಿದರು. ಮರ ಸತ್ತಂತಿತ್ತು. ಗುರ್ರೆನ್ನುವುದೂ ಇರಲಿಲ್ಲ, ಅದರ ಅಡಿಯ ದನಿಯೂ ಇರಲಿಲ್ಲ. ಎಲ್ಲ ನಡುಕವನ್ನೂ ಪೀಠ ನುಂಗಿತ್ತು. ನುಂಗಲೆಂದೇ ಅವರು ಅದನ್ನು ಕಟ್ಟಿದ್ದರು. ಇಷ್ಟು ಸಣ್ಣ ವಿಷಯ, ಯಂತ್ರಗಳ ನಡುವೆಯೇ ಮುದುಕರಾದ ತಮಗೆ, ಮೊದಲೇ ಹೊಳೆಯದೆ ಹೋದದ್ದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಆ ತೆಳು ಡಬ್ಬಿ ನಡುಗುತ್ತಿದ್ದುದರಿಂದಲೇ ಅವರಿಗೆ ಅಷ್ಟಾದರೂ ಸಿಕ್ಕಿತ್ತು.

ಎದ್ದು ನಿಂತವರು ಮಗಳಿಗೆ ಹೇಳಿದರು, "ಮೊದಲು ಕೇಳ್ತಿತ್ತು. ಹಳೇ ಡಬ್ಬೀಲಿ ನಿಮ್ಮಮ್ಮ ಕೇಳ್ತಿದ್ಲು. ಎರಡನೇ ಚರಣಕ್ಕೆ ದೊಡ್ಡದಾಗಿ ಮೇಲೆ ಹೋಗಿ, ಹೀಗೆ ಸುತ್ತಿ, ಕೆಳಗಿಳೀತಾಳಲ್ಲ, ಅದು." ಕೈ ಎತ್ತಿ, ನಿಧಾನವಾಗಿ ಗಾಳಿಯಲ್ಲಿ ಬರೆದು ತೋರಿಸಿದರು. ಅದನ್ನು ಅವರು ಅದೆಷ್ಟು ಸಲ ದವಡೆಯಲ್ಲಿ ಕೇಳಿದ್ದರೋ, ಕೈಗೆ ಬಾಯಿಪಾಠವಾಗಿತ್ತು.

ಮಗಳು ಆ ಕೈಯನ್ನೇ ನೋಡುತ್ತ, ತಿರುಗುತ್ತಿದ್ದ ರೆಕಾರ್ಡಿನ ಹಾಡಿಗೆ ಕಿವಿಗೊಟ್ಟಳು. ತಾಯಿ ಅವಳ ತೋಳು ಹಿಡಿದು ಏನೋ ಅಂದಳು. ಆದರೆ ಮಾತು ಅಷ್ಟರಲ್ಲೇ ಮಗಳ ಬಾಯಿಂದ ಜಾರಿತ್ತು.

"ಅಪ್ಪ, ಅದು ಅಮ್ಮ ಅಲ್ಲ. ಅದು ದೊಡ್ಡ ಪಿಟೀಲು, ನೆಲಕ್ಕೆ ನಿಲ್ಲಿಸ್ಕೊಂಡು ಬಾರಿಸ್ತಾರಲ್ಲ, ಅದು. ಅದು ನಿಂತ ಮೇಲೆ ಅಮ್ಮ ಶುರು ಮಾಡೋದು. ಅಮ್ಮನ ದನಿ ತುಂಬಾ ತೆಳ್ಳಗಿದೆ."

ಫಿಟ್ಟರ ಕೈ ಎತ್ತಿದ್ದಲ್ಲೇ ನಿಂತಿತು. ಡಾಕ್ಟರು ಅಂದು ಹೇಳಿದ್ದು ಈಗ ಅವರಿಗೆ ಅರ್ಥವಾಯಿತು. ಹೆಂಡತಿಯ ಕಡೆ ನೋಡಿದರು.

"ಮೊದಲ ದಿನಾನೇ ಗೊತ್ತಿತ್ತಾ ನಿನಗೆ?"

ಆಕೆ ಹತ್ತಿರ ಬಂದು, ಒಂದೊಂದೇ ಮಾತಾಗಿ ಬಿಡಿಸಿ ಹೇಳಿದಳು. "ಗೊತ್ತಿತ್ತು. ನಿಮ್ಮ ಮುಖ ನೋಡಿ ಅಲ್ಲ ಅನ್ನೋಕೆ ಆಗ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಮರ ಕೊಯ್ಯೋಕೆ ಶುರು ಮಾಡಿದ್ರಿ."

ರೆಕಾರ್ಡು ಮುಗಿದು ಮುಳ್ಳು ಒಳಗಿನ ಗೆರೆಯಲ್ಲೇ ಸುತ್ತುತ್ತಿತ್ತು. ಯಾರೂ ಎತ್ತಲಿಲ್ಲ. ಫಿಟ್ಟರು ಕೂಗಾಡಲಿಲ್ಲ. ಕುರ್ಚಿಯ ಬೆನ್ನಿಗೆ ಕೈ ಕೊಟ್ಟು, ಮೆಲ್ಲಗೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಯನ್ನು ಕರೆದು, ಈಗ ಹಾಡು ನೋಡೋಣ, ತುಟಿ ನೋಡ್ತೀನಿ ಎಂದರು. ಆಕೆ ಸೆರಗಿನಿಂದ ಬಾಯೊರೆಸಿಕೊಂಡು ಶುರುಮಾಡಿದಳು. ಎರಡು ಮಾತು ಬಂತೋ ಇಲ್ಲವೋ, ಕೆಮ್ಮು ಹತ್ತಿತು. ಇನ್ನೊಮ್ಮೆ ಪ್ರಯತ್ನಿಸಿ ಕೈಯಾಡಿಸಿಬಿಟ್ಟಳು. "ಬರೋದಿಲ್ಲ ರೀ. ಬಿಟ್ಟು ಎಷ್ಟು ಕಾಲ ಆಯ್ತು."

ಬಡಗಿ ಸುದ್ದಿ ಕೇಳಿ ಓಡಿಬಂದು, ತೆಳುವಾದ ಡಬ್ಬಿ ಇನ್ನೊಂದು ಮಾಡೋಣ, ಒಂದೇ ಮಧ್ಯಾಹ್ನದ ಕೆಲಸ ಎಂದ. ಫಿಟ್ಟರು ಬೇಡ ಎಂದರು. ಪಿಟೀಲು ಕೇಳಿ ಏನಾಗಬೇಕು ಎಂದರು. ಯಂತ್ರವನ್ನು ಪೀಠದ ಸಮೇತ ಮಗಳ ಮನೆಗೆ ಸಾಗಿಸಿದರು. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದು ಚೆನ್ನಾಗಿ ಹಾಡುತ್ತದಂತೆ. ಬಟ್ಟೆ ಹೊಲಿಸಲು ಬಂದವರು, ಯಾರಮ್ಮ ಹಾಡುವುದು, ಎಂಥಾ ದನಿ ಎಂದು ಕೇಳುತ್ತಾರಂತೆ. ಫಿಟ್ಟರ ಹೆಂಡತಿಗೆ ಮೊದಲು ನಾಚಿಕೆ, ಆಮೇಲೆ ಅಭ್ಯಾಸವಾಯಿತು. ಸಂಜೆಯ ಹೊತ್ತು ಹೋಗಿ ಕೂತು ಕೇಳಿ ಬರುತ್ತಾಳೆ.

ಫಿಟ್ಟರು ಹೋಗುವುದಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಹತ್ತಿರ ಉಳಿ, ಗರಗಸ ಯಾವುದೂ ಇರುವುದಿಲ್ಲ. ಆಕೆ ವಾಪಸು ಬಂದು ಪಕ್ಕದಲ್ಲಿ ಕೂತು, ಮಗಳ ಮನೆಯ ಸುದ್ದಿ, ಬೀದಿಯ ಸುದ್ದಿ, ಇಂದು ಏನು ಅಡುಗೆ ಮಾಡಲಿ ಎಂಬುದನ್ನೆಲ್ಲ ಹೇಳುತ್ತಾಳೆ. ಅವರು ತಲೆ ಎತ್ತಿ ಅವಳ ತುಟಿ ನೋಡಿದರೆ ಸಾಕು, ಅಷ್ಟೂ ತಿಳಿಯುತ್ತದೆ. ಆದರೆ ಅವರು ನೆಲ ನೋಡುತ್ತ ಕೂತಿರುತ್ತಾರೆ. ಆಕೆ ಕೊಂಚ ಹೊತ್ತು ಮಾತಾಡಿ, ಆಮೇಲೆ ದೀಪ ಹಾಕಲು ಒಳಗೆ ಹೋಗುತ್ತಾಳೆ.