ನಾಲಿಗೆಯ ಮೇಲಿನ ಬ್ಯಾಡಗಿ

ನಾಲಿಗೆ ಚಾಚಿದ್ದೇ ತಡ, ಮುದುಕ ವೈದ್ಯರು ಕುರ್ಚಿ ಬಿಟ್ಟು ಎದ್ದರು. ಎದೆ ಬಡಿದುಕೊಳ್ಳುತ್ತದೆ ಎಂದು ಹೋದರೆ ಮೊದಲು ನಾಲಿಗೆ ನೋಡುವ ದೇಶ ಇದು, ಚೀನಾ. ಅವರು ಹೇಳಿದ್ದನ್ನು ನನ್ನ ಗಂಡ ಕನ್ನಡಕ್ಕೆ ಇಳಿಸಿದರು: "ನಿನ್ನ ಎದ್ಯಾಗ ಬೆಂಕಿ ಹತ್ತೇತಂತ."

ಮದುವೆಯಾಗಿ ಬ್ಯಾಡಗಿಯಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯಲ್ಲಿ ಇವರಿಗೆ ಕೆಲಸ. ಎತ್ತರದ ಮಹಡಿಯ ಮನೆಯಲ್ಲಿ ದಿನವಿಡೀ ನಾನೊಬ್ಬಳೇ. ಬೇಸಿಗೆ ಬಂದದ್ದೇ ನಿದ್ದೆ ಹಾರಿತು, ಎದೆ ಬಡಿದುಕೊಳ್ಳತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೋಷವಿಲ್ಲ ಅಂದರು. ಇವರು ಮಾತ್ರ, "ಹಿಂಗಾದ್ರ ಊರಿಗೆ ಕಳಸ್ತೇನಿ ನೋಡು" ಎಂದರು. ನನಗೆ ಇವರನ್ನು ಬಿಟ್ಟು ಹೋಗುವುದು ಬೇಡವಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಬಿಂಕ ಬಿಡಲಿಲ್ಲ.

ಇಲ್ಲಿನ ಹಳೆಯ ವೈದ್ಯಪದ್ಧತಿಯಲ್ಲಿ ಬೇಸಿಗೆಯೆಂದರೆ ಹೃದಯದ ಕಾಲ. ಅದರ ಭಾವ ಸಂತೋಷ, ಬಣ್ಣ ಕೆಂಪು, ಬಾಗಿಲು ನಾಲಿಗೆ. ನಾಲಿಗೆ ತೀರಾ ಕೆಂಪಾದರೆ ಒಳಗೆ ಬೆಂಕಿ. ವೈದ್ಯರು ಕಹಿ ಕಷಾಯ ಬರೆಯಲು ಹೊರಟಾಗ ನನಗೆ ನೆನಪಾಯಿತು: ವೈದ್ಯರಲ್ಲಿಗೆ ಹೊರಡುವ ಮುಂಚೆ ರೊಟ್ಟಿಗೆ ಅವ್ವ ಕೊಟ್ಟ ಕೆಂಪು ಹಿಂಡಿ, ಅಂದರೆ ಮೆಣಸಿನಕಾಯಿ ಚಟ್ನಿ, ಹಚ್ಚಿಕೊಂಡು ತಿಂದಿದ್ದೆ. ನಮ್ಮೂರ ಕಾಯಿಗೆ ಖಾರ ಕಡಿಮೆ, ಬಣ್ಣ ವಿಪರೀತ. ದಿನಾ ಅದೇ ಬಣ್ಣ ತೆಗೆಯುವ ಮಹಾರಾಯರಿಗೆ ಹೆಂಡತಿಯ ನಾಲಿಗೆಯ ಮೇಲೆ ಅದರ ಗುರುತು ಹತ್ತಲಿಲ್ಲ!

"ಬೆಂಕಿ ಅಲ್ರಿ, ಅದು ಬ್ಯಾಡಗಿ. ಹೇಳ್ರಿ ಅವರಿಗೆ" ಎಂದೆ.

ವೈದ್ಯರು ಹೊಟ್ಟೆ ಹಿಡಿದು ನಕ್ಕರು. ಮರುದಿನ ಏನೂ ತಿನ್ನದೆ ಬರಹೇಳಿದರು. ಹೋದಾಗ ನಾಲಿಗೆ ನೋಡಿ, ಮಣಿಕಟ್ಟಿನ ನಾಡಿ ಹಿಡಿದು ಬಹಳ ಹೊತ್ತು ಕುಳಿತರು. ಆಮೇಲೆ ಏನೋ ಕೇಳಿದರು. ಇವರು ತಡವರಿಸಿದರು.

"ಏನಂದ್ರು?"

"ನಾಲಗಿ ಬಿಳಚಿಕೊಂಡೈತಂತ, ಎದ್ಯಾಗ ಸಂತೋಷ ಇಲ್ಲಂತ. ದಿನಾ ಯಾರ ಕೂಡ ಮಾತಾಡ್ತಾಳ ಅಂತ ಕೇಳಾಕತ್ಯಾರ."

"ಯಾರ ಕೂಡ ಮಾತಾಡ್ಲಿ? ನೀವು ಬರ್ತೀರಿ, ಉಣ್ತೀರಿ, ಮಲಗ್ತೀರಿ" ಎಂದವಳಿಗೆ ಅಳು ತಡೆಯಲಾಗಲಿಲ್ಲ.

ಇವರು ಅದನ್ನು ಚೀನಿ ಭಾಷೆಗೆ ಇಳಿಸಲಿಲ್ಲ. ವೈದ್ಯರಿಗೆ ಬೇಕಾಗಿಯೂ ಇರಲಿಲ್ಲ. ಗೋಧಿ, ಜ್ಯೇಷ್ಠಮಧು, 'ಹೊಂಗ್‌ಝಾವ್' ಎಂಬ ನಮ್ಮ ಬಾರಿ ಅಥವಾ ಎಲಚಿ ಹಣ್ಣಿನ ಜಾತಿಯ ಒಣಹಣ್ಣು ಕುದಿಸಿ ಕುಡಿಯಲು ಹೇಳಿದರು. ಇಲ್ಲಿ ಮಧ್ಯಾಹ್ನದ ವಿಶ್ರಾಂತಿಗೆ 'ಊಶ್ಯೂ' ಎನ್ನುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಹಮಾಲರು ಚೀಲದ ಮೇಲೆ ಅಡ್ಡಾಗುವುದಕ್ಕೆ ಹೆಸರಿಲ್ಲ, ಅಷ್ಟೇ ವ್ಯತ್ಯಾಸ. ಆ ಹೊತ್ತಿನಲ್ಲಿ ಮನೆಗೆ ಹೋಗು ಎಂದು ಇವರಿಗೂ ಅಪ್ಪಣೆಯಾಯಿತು.

ಇವರು ದಿನಾ ಮಧ್ಯಾಹ್ನ ಬರತೊಡಗಿದರು. ಹರಟೆ ಹೊಡೆದೆವು, ಜಗಳವನ್ನೂ ಆಡಿದೆವು. ನಿದ್ದೆ ಬಂತು, ಊರಿಗೆ ಕಳಿಸುವ ಮಾತು ನಿಂತಿತು.

ಮುಂದಿನ ಬೇಸಿಗೆಗೆ ನಾನೇ ಬಯಸಿ ಬ್ಯಾಡಗಿಗೆ ಹೋದೆ. ಮನೆ ತುಂಬ ಮಾತು, ರೊಟ್ಟಿ, ತಾಜಾ ಹಿಂಡಿ. ಮಧ್ಯಾಹ್ನ ಉಂಡು ಅಡ್ಡಾದರೆ ಎದೆ ಮತ್ತೆ ಬಡಿದುಕೊಳ್ಳತೊಡಗಿತು. ಎದ್ದು ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ಕೆಂಪಗೇ ಇತ್ತು.

"ಯಾಕವಾ, ನಿದ್ದಿ ಬರವಲ್ದೇನು?" ಅವ್ವ ಕೇಳಿದಳು.

"ಇಷ್ಟೊತ್ತಿಗೆ ಅವರು ಅಲ್ಲಿ ಒಬ್ಬರೇ ಉಂಡು, ಯಾರ ಕೂಡನೂ ಮಾತಾಡದಂಗ ಕೆಲಸಕ್ಕ ಹೋಗಿರ್ತಾರ" ಎಂದೆ.