ಅಪ್ಪನನ್ನು ಸೋಲಿಸಿದ ಭಾಷಣ

ಆಗೆಲ್ಲ ನಮ್ಮ ಮತ್ತೋಡಿಗೆ ಚುನಾವಣೆ ಬಂತೆಂದರೆ ದೊಡ್ಡವರಿಗಿಂತ ಮಕ್ಕಳಿಗೇ ಸಡಗರ ಹೆಚ್ಚು. ಆಟೋದಿಂದ ಎಸೆದ ಕರಪತ್ರಗಳ ಹಿಂದೆ ಓಡುತ್ತಿದ್ದೆವು. ಅದರ ಹಸಿ ಶಾಯಿಯ ವಾಸನೆ ಅಂಗೈಗೆಲ್ಲ ಅಂಟಿಕೊಳ್ಳುತ್ತಿತ್ತು. ಕಾರ್ಯಕರ್ತರಿಗೆಂದು ಮಾಡಿದ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ನಮಗೂ ಸಿಗುತ್ತಿತ್ತು. ಹುಣಸೆಬೀಜಗಳನ್ನೇ ಓಟು ಮಾಡಿಕೊಂಡು ಜಗಲಿಯ ಮೇಲೆ ಚುನಾವಣೆಯ ಆಟ ಆಡುತ್ತಿದ್ದೆವು. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮಪ್ಪನೇ ತಾಲ್ಲೂಕು ಪಂಚಾಯಿತಿಗೆ ನಿಂತರು.

ಅಪ್ಪ ಮಾತು ಕಡಿಮೆಯ ಮನುಷ್ಯ. ಮನೆಮನೆಗೆ ನಡೆದು ಹೋಗಿ, ಮಜ್ಜಿಗೆ ಕೊಟ್ಟರೆ ಕುಡಿದು, ಬೋರು ಕೆಟ್ಟಿದೆಯಾ, ಪಿಂಚಣಿ ಬಂತಾ ಎಂದು ವಿಚಾರಿಸುವುದೇ ಅವರ ಪ್ರಚಾರ. ಗೆಲುವು ಅವರದ್ದೇ ಎಂದು ಎದುರು ಪಕ್ಷದವರೂ ಹೇಳುತ್ತಿದ್ದರಂತೆ. ತಿಪ್ಪೇಶ ಚಿಕ್ಕಪ್ಪನಿಗೆ ಮಾತ್ರ ಅದು ಸಾಲಲಿಲ್ಲ. ದುರ್ಗದಿಂದ ಒಬ್ಬ ಭಾಷಣಕಾರನನ್ನು ಕರೆತಂದ. ಜನಕ್ಕೆ ಸಿಟ್ಟು ಬರಿಸದೆ ಓಟು ಬೀಳುವುದಿಲ್ಲ ಎಂಬುದು ಆ ಮನುಷ್ಯನ ಲೆಕ್ಕಾಚಾರ. ಸಿಟ್ಟು ಯಾರ ಮೇಲೆ ಎನ್ನುವುದನ್ನೂ ಅವನೇ ಆರಿಸಿದ: ಊರ ಕೊನೆಯಲ್ಲಿ ಹತ್ತಿ ಬಡಿದು ಹಾಸಿಗೆ ಮಾಡುತ್ತಿದ್ದ ಪಿಂಜಾರರ ನಾಲ್ಕಾರು ಮನೆಗಳು.

ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂದಿತ್ತು. ಚಿಕ್ಕಪ್ಪ ನನ್ನನ್ನು ಮೈಕು ಕಟ್ಟಿದ ಪ್ರಚಾರದ ಆಟೋ ಹತ್ತಿಸಿದ. ಅಪ್ಪ ದೂರದ ಹಳ್ಳಿಗಳಲ್ಲಿದ್ದರು. ಈ ಪಿಂಜಾರರು ನಮ್ಮವರಲ್ಲ, ಇವರಿಂದ ಏನೂ ಕೊಳ್ಳಬೇಡಿ ಎಂದು ಬರೆದುಕೊಟ್ಟಿದ್ದನ್ನು ಮೊದಲ ದಿನ ನೋಡಿಕೊಂಡು ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಎರಡನೇ ದಿನ ಚೀಟಿಯೇ ಬೇಕಾಗಲಿಲ್ಲ. ಮೂರನೇ ದಿನ ನಾನೇ ಒಂದು ಸಾಲು ಸೇರಿಸಿದೆ: ಇವರು ಮಾಡಿದ ಹಾಸಿಗೆಯಲ್ಲಿ ಮಲಗಿದರೆ ನಿದ್ದೆಯಲ್ಲೇ ನಿಮ್ಮ ಕುತ್ತಿಗೆ ಹಿಚುಕುತ್ತಾರೆ. ಆಟೋದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಭಾಷಣಕಾರ ನನ್ನ ಬೆನ್ನು ತಟ್ಟಿದ. ಆ ಖುಷಿ ಎಷ್ಟು ಸಿಹಿಯಾಗಿತ್ತೆಂದು ಬರೆಯಲು ಇವತ್ತಿಗೂ ನನ್ನ ಕೈ ಹಿಂಜರಿಯುತ್ತದೆ.

ಆಟೋ ಪಿಂಜಾರರ ಓಣಿಗೆ ತಿರುಗಿತು. ಅಲ್ಲಿ ಪೀರಮ್ಮನ ಮನೆ. ಮೊಹರಂನ ಬಾಬಯ್ಯನ ಹಬ್ಬಕ್ಕೆ ನನಗೆಂದೇ ಸಿಹಿ ಚೊಂಗೆ ತೆಗೆದಿಡುತ್ತಿದ್ದವಳು. ನಾನು ಮಲಗುತ್ತಿದ್ದ ಹಾಸಿಗೆ ಅವಳೇ ಹೊಲಿದದ್ದು. ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಆಟೋದ ಹತ್ತಿರ ಬಂದಳು.

“ಆ ಹಾಸ್ಗೆ ಮಾತು ಯಾರು ಬರ್ಕೊಟ್ರವ್ವ?”

“ಯಾರೂ ಇಲ್ಲ. ನಾನೇ ಕಟ್ಟಿದ್ದು,” ಎಂದೆ, ಹೆಮ್ಮೆಯಿಂದ.

ಪೀರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೇ ದಿನ, ಹಳ್ಳಿಗಳಿಂದ ಮರಳಿದ್ದ ಅಪ್ಪನ ಜೊತೆ ಕುರಿಯವರ ಹಟ್ಟಿಗೆ ಹೋದೆ. ಆ ಹಟ್ಟಿಯ ಓಟುಗಳೆಲ್ಲ ಅಪ್ಪನಿಗೇ ಎಂದು ಎಲ್ಲರೂ ನಂಬಿದ್ದರು. ಹಟ್ಟಿಯ ಹಿರಿಯ ಈರಜ್ಜ ಕಂಬಳಿ ಹಾಸಿ ಕುಂತ್ಕಳ್ರಿ ಎಂದ. ತಾನೂ ಎದುರಿಗೆ ಕುಳಿತು ಹೇಳಿದ:

“ನಿಂಗೇ ಹಾಕಾಣ ಅಂತಿದ್ವಿ ಕಣಪ್ಪ. ಆ ಮೈಕಿನ ಮಾತು ಕೇಳಿದ್ ಮ್ಯಾಲೆ ನಮ್ ಹೆಂಗಸ್ರು ಒಲ್ಲೆ ಅಂತಾರೆ. ಹುಟ್ಟಿದಾಗ್ಲಿಂದ ಜೊತೇಲಿರೋರನ್ನೇ ಬ್ಯಾಡ ಅಂದೋರು, ಕುರಿ ಹೊಡ್ಕಂಡು ಅಲೆಯೋ ನಮ್ಮನ್ನ ನಾಳೆ ಇಟ್ಕಂತಾರಾ?”

ಯಾವ ಮಾತು ಎಂದು ಅಪ್ಪ ಕೇಳಿದರು. ಈರಜ್ಜ ನನ್ನ ಕಡೆ ನೋಡಿದ.

ಅವತ್ತೇ ಅಪ್ಪ ಆಟೋ ನಿಲ್ಲಿಸಿದರು, ಭಾಷಣಕಾರನನ್ನು ಬಸ್ಸು ಹತ್ತಿಸಿದರು. ಕಾಲ ಮಿಂಚಿತ್ತು. ಹೊಸದುರ್ಗದಲ್ಲಿ ಎಣಿಕೆ ಮುಗಿದಾಗ ಅಪ್ಪ ಸೋತಿದ್ದರು. ಹಟ್ಟಿಯಷ್ಟೇ ಅಲ್ಲ, ಅಪ್ಪನನ್ನು ಮೆಚ್ಚಿಕೊಂಡಿದ್ದ ನಮ್ಮ ಓಣಿಯ ಎಷ್ಟೋ ಮನೆಗಳೂ ಕೈಬಿಟ್ಟಿದ್ದವು. ಯಾರೋ ಮೋಸ ಮಾಡಿದರು ಎಂದು ಚಿಕ್ಕಪ್ಪ ಕೂಗಾಡಿದ. ಅಪ್ಪ ಯಾರನ್ನೂ ಬೈಯಲಿಲ್ಲ, ನನ್ನನ್ನೂ. ಪೀರಮ್ಮನ ಮನೆಗೆ ಹೋಗಾಣ ಬಾ ಎಂದಷ್ಟೇ ಕರೆದರು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಗೋಡೆ ಕಡೆ ತಿರುಗಿ ಮಲಗಿದೆ. ಅವರೊಬ್ಬರೇ ಹೋಗಿ ಬಂದರು. ವರ್ಷ ತುಂಬುವುದರೊಳಗೆ ಪೀರಮ್ಮನ ಸಂಸಾರ ಹಿರಿಯೂರಿನ ಕಡೆ ಹೊರಟುಹೋಯಿತು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಈಗ ನಾನು ದುರ್ಗದಲ್ಲಿ ಶಾಲಾ ಶಿಕ್ಷಕಿ. ಕಳೆದ ಚುನಾವಣೆಯಲ್ಲಿ ಸಂತೆ ಮುಗಿಸಿ ಬರುವಾಗ ಒಂದು ಸಭೆ ನಡೆದಿತ್ತು. ವೇದಿಕೆಯ ಮೇಲಿದ್ದವನ ಮಾತಿನ ಮುಂದೆ ನನ್ನ ಹಾಸಿಗೆಯ ಸಾಲು ಏನೇನೂ ಅಲ್ಲ. ಶಿಳ್ಳೆ ಬಿದ್ದವು. ಮುಂದಿನ ಸಾಲಿನಲ್ಲಿ ಹೆಂಗಸರೂ ನಗುತ್ತಿದ್ದರು. ಅವನು ಗೆದ್ದ, ಆ ಮಾತಿನಿಂದಲೇ ಗೆದ್ದ ಎನ್ನುತ್ತಾರೆ. ನಾವು ಸೋತಾಗ ನಾನು ದಿನವಿಡೀ ಅತ್ತಿದ್ದೆ. ಅಂಥ ಮಾತಾಡಿದವರನ್ನು, ತಾವು ಮೆಚ್ಚಿದವರಾದರೂ, ಸೋಲಿಸುವ ಜನ ನಮ್ಮ ಸುತ್ತ ಇದ್ದರಲ್ಲ, ಅದೆಷ್ಟು ದೊಡ್ಡದೆಂದು ಆಗ ತಿಳಿಯಲಿಲ್ಲ. ಆ ಸಭೆಯ ಗುಂಪಿನಲ್ಲಿ ಒಲ್ಲೆ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ಯಾರೂ ಕಾಣಲಿಲ್ಲ. ನಾನೂ ಬಾಯಿ ಬಿಡದೆ, ಚೀಲ ಎತ್ತಿಕೊಂಡು, ಮನೆಗೆ ಬಂದೆ.